ಮನೋವ್ಯಾಧಿಯೂ ಉತ್ಕರ್ಷಣ ನಿರೋಧಕ ಗುಳಿಗೆಯೂ

ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳಲ್ಲಿ ಬೇಸಾಯವು ಬಹುಮಟ್ಟಿಗೆ ಮಳೆಯನ್ನೇ ಆಶ್ರಯಿಸಿರುವುದು. ಮಳೆ ತಪ್ಪಿ ಸಾಲ ಬೆಳೆದಾಗ ಬೇಸಾಯಗಾರನ ಮನಸ್ಸು ಕುಗ್ಗುವುದುಂಟು. ಇಂಥವರಿಗೆ ಔಷಧದ ಅಂಗಡಿಯ ಉತ್ಕರ್ಷಣ ನಿರೋಧಕ ಗುಳಿಗೆಗಳೇ ಸಾಕೆಂದು ಯಾರಾದರೂ ಹೇಳಿದರೆ, ನಾರಾಯಣಪುರದಂಥ ಗ್ರಾಮಗಳ ಮುಖ್ಯಸ್ಥರೂ ಜಮೀನುದಾರರೂ ಅದರ ನಿಜಸ್ಥಿತಿಯನ್ನು ಅರಿತಿರುವುದು ಅವಶ್ಯಕ.

ಗುಳಿಗೆಯ ಸ್ವರೂಪ.— ಶರೀರವು ಆಹಾರವನ್ನು ಉಪಯೋಗಿಸುವಾಗ ಆಮ್ಲಜನಕದಿಂದ ಕೆಲವು ತೀಕ್ಷ್ಣ ಪದಾರ್ಥಗಳು ಹುಟ್ಟುವುವು. ತುಕ್ಕು ಕಬ್ಬಿಣವನ್ನು ತಿನ್ನುವಂತೆ ಇವು ಜೀವಕೋಶಗಳನ್ನು ಕೆಡಿಸುವುವು. ಇದನ್ನು ತಡೆಯುವ ವಸ್ತುಗಳೇ ಉತ್ಕರ್ಷಣ ನಿರೋಧಕಗಳು. ಶರೀರವು ತಾನೇ ತಯಾರಿಸಿಕೊಳ್ಳುವ ಗ್ಲುಟಾಥಯೋನ್ ಇವುಗಳಲ್ಲಿ ಮುಖ್ಯವಾದುದು. ಎನ್-ಅಸಿಟೈಲ್ ಸಿಸ್ಟೀನ್ ಎಂಬ ಔಷಧವು ಅದಕ್ಕೆ ಬೇಕಾದ ಸಿಸ್ಟೀನನ್ನು ಒದಗಿಸುವುದು. ಕಫವನ್ನು ತೆಳುಮಾಡುವುದಕ್ಕೂ, ಪ್ಯಾರಸಿಟಮಾಲನ್ನು ಅತಿಯಾಗಿ ಸೇವಿಸಿದವರ ಯಕೃತ್ತನ್ನು ರಕ್ಷಿಸುವುದಕ್ಕೂ ವೈದ್ಯರು ಇದನ್ನು ಬಹುಕಾಲದಿಂದ ಕೊಡುತ್ತಿರುವರು.

ಪರೀಕ್ಷೆಯ ಫಲ.— ಆಸ್ಟ್ರೇಲಿಯಾದ ಮೈಕೇಲ್ ಬರ್ಕ್ ಮತ್ತು ಸಂಗಡಿಗರು ಸ್ಕಿಜೋಫ್ರೇನಿಯಾ ರೋಗಿಗಳಾದ ೧೪೦ ಮಂದಿಯಲ್ಲಿ ನಡೆಸಿದ ಪರೀಕ್ಷೆಯನ್ನು ೨೦೦೮ರಲ್ಲಿ ಪ್ರಕಟಿಸಿದರು. ಚಾಲ್ತಿಯ ಚಿಕಿತ್ಸೆಯೊಡನೆ ಕೆಲವರಿಗೆ ದಿನಕ್ಕೆ ೨ ಗ್ರಾಂನಂತೆ ಈ ಔಷಧವನ್ನೂ, ಉಳಿದವರಿಗೆ ಗುಣವಿಲ್ಲದ ಹುಸಿಗುಳಿಗೆಯನ್ನೂ ೨೪ ವಾರ ಕೊಡಲಾಯಿತು. ಔಷಧ ಪಡೆದವರಲ್ಲಿ ಸಾಧಾರಣ ಪ್ರಮಾಣದ ಗುಣ ಕಂಡಿತು. ಆದರೆ ೨೦೧೪ರಲ್ಲಿ ಪ್ರಕಟವಾದ, ಖಿನ್ನತೆಯುಳ್ಳ ೨೫೨ ಮಂದಿಯ ಪರೀಕ್ಷೆಯಲ್ಲಿ ೧೨ ವಾರಗಳ ಕೊನೆಗೆ ಮುಖ್ಯ ಅಳತೆಯಲ್ಲಿ ಔಷಧಕ್ಕೂ ಹುಸಿಗುಳಿಗೆಗೂ ಗಣನೀಯ ಭೇದವೇ ತೋರಲಿಲ್ಲ.

ಆದಕಾರಣ ಇದು ಚಿಕಿತ್ಸೆಗೆ ಸಹಾಯಕವಾಗಬಹುದೇ ಹೊರತು ಚಿಕಿತ್ಸೆಯ ಸ್ಥಾನವನ್ನು ಪಡೆಯಲಾರದು. ಸೊರಗುರೋಗ ತಗುಲಿದ ತೊಗರಿಗೆ ಗೊಬ್ಬರವನ್ನು ಹೆಚ್ಚಿಸಿದ ಮಾತ್ರಕ್ಕೆ ರೋಗವು ತೊಲಗದಷ್ಟೆ.

ಎಚ್ಚರಿಕೆ.— ಈ ಔಷಧದಿಂದ ಓಕರಿಕೆ, ಹೊಟ್ಟೆಯ ತೊಂದರೆ ಉಂಟಾಗಬಹುದು. ಉಬ್ಬಸವುಳ್ಳವರೂ, ಎದೆನೋವಿಗೆ ನೈಟ್ರೋಗ್ಲಿಸರಿನ್ ಸೇವಿಸುವವರೂ ವೈದ್ಯರನ್ನು ಕೇಳದೆ ಇದನ್ನು ಮುಟ್ಟಕೂಡದು. ಉತ್ಕರ್ಷಣ ನಿರೋಧಕಗಳೆಲ್ಲವೂ ನಿರಪಾಯಕರವೆಂದು ಭಾವಿಸಲಾಗದು. ಫಿನ್ಲೆಂಡಿನಲ್ಲಿ ಧೂಮಪಾನಿಗಳಿಗೆ ಬೀಟಾ ಕ್ಯಾರೊಟೀನ್ ಕೊಟ್ಟು ನೋಡಿದಾಗ ಶ್ವಾಸಕೋಶದ ಕ್ಯಾನ್ಸರು ಕಡಿಮೆಯಾಗುವ ಬದಲು ಹೆಚ್ಚಿತೆಂದು ೧೯೯೪ರಲ್ಲಿ ತಿಳಿದುಬಂದಿತು. ಗುಳಿಗೆಯನ್ನು ನಂಬಿ ವೈದ್ಯರು ಕೊಟ್ಟ ಔಷಧವನ್ನು ನಿಲ್ಲಿಸುವುದಂತೂ ಎಲ್ಲಕ್ಕಿಂತ ಅಪಾಯಕರ.

ಗ್ರಾಮಸ್ಥರ ಕರ್ತವ್ಯ.— ನಿದ್ರಾಹಾರಗಳನ್ನು ಬಿಟ್ಟವನನ್ನೂ, ಹೊಲದ ಕಡೆ ಸುಳಿಯದವನನ್ನೂ, ಸಾವಿನ ಮಾತನಾಡುವವನನ್ನೂ ಸೋಮಾರಿಯೆಂದು ಜರೆಯದೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿ ತೋರಿಸಿದ ವ್ಯವಸ್ಥೆಯೇ ೧೯೯೬ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ-ಮಾನಸ್ ಸೇವೆಯು ೧೪೪೧೬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುವುದು. ಇಂಥವರಿರುವ ಮನೆಯಲ್ಲಿ ಕೀಟನಾಶಕ ವಿಷಗಳನ್ನು ಕೈಗೆಟುಕದಂತೆ ಬೀಗದಲ್ಲಿರಿಸಿ, ಬೀಗದ ಕೈಯನ್ನು ಬೇರೆಯವರ ವಶದಲ್ಲಿಡಬೇಕು. ಗುಳಿಗೆಯ ವಿಚಾರವನ್ನು ವೈದ್ಯರಿಗೆ ಬಿಟ್ಟು ಇಷ್ಟನ್ನು ತಪ್ಪದೆ ನಡೆಸಿದರೆ ಒಂದು ಪ್ರಾಣವೂ ಅದರೊಡನೆ ಒಂದು ಸಂಸಾರವೂ ಉಳಿಯಬಹುದು.