ಗೂಢಲಿಪಿಯ ಬೃಹತ್ ಕಡತವೂ ಮೆಮೊರಿಯ ಅಭಾವವೂ

ಹಸ್ತಪ್ರತಿಗಳ ಛಾಯಾಚಿತ್ರಗಳನ್ನು ಗೂಢಲಿಪಿಯಲ್ಲಿ ಒಂದೇ ಕಡತವಾಗಿ ಕಾಪಿಟ್ಟಲ್ಲಿ, ಬಿಡಿಸುವಾಗ ಗಣಕಯಂತ್ರವು ಮೆಮೊರಿ ಸಾಲದೆಂದು ನಿಂತುಬಿಡುವುದುಂಟು. ಕಡತವು ಕೆಟ್ಟಿತೆಂದು ಭಾವಿಸಬೇಕಾಗಿಲ್ಲ. ಎಇಎಸ್-ಜಿಸಿಎಂ ಕ್ರಮದಲ್ಲಿ ಪಾಠಶುದ್ಧಿಯನ್ನು ಸಾರುವ ಮುದ್ರೆಯು ಒಂದೇ. ಅದು ತಾಳೆಯಾಗುವುದು ಕಟ್ಟಕಡೆಯ ಬೈಟನ್ನು ಓದಿದ ಬಳಿಕವೇ. ಆದುದರಿಂದ ಜಾವಾದೊಡನೆ ಬರುವ ಸಾಧನವು ಅಲ್ಲಿಯವರೆಗೆ ಸಮಸ್ತವನ್ನೂ ಮೆಮೊರಿಯಲ್ಲಿಯೇ ಹಿಡಿದಿಡುತ್ತದೆ. ಪರೀಕ್ಷಿಸದ ಪಾಠವನ್ನು ಹೊರಗೆಡಹದ ಈ ಎಚ್ಚರವು ಯುಕ್ತವೇ ಸರಿ. ಆದರೆ ಜಾವಾದ ಒಂದು ಬೈಟ್-ಸರಣಿಯು 2 ಗಿಬಿಬೈಟನ್ನು ಮೀರಲಾರದಾದುದರಿಂದ, ಅದಕ್ಕೂ ಹಿರಿದಾದ ಕಡತಕ್ಕೆ ಎಷ್ಟು ಮೆಮೊರಿ ಕೂಡಿಸಿದರೂ ನಿಷ್ಫಲ. ಅಂಥದನ್ನು, ಬಿಡಿಸಿದಂತೆಲ್ಲ ಡಿಸ್ಕಿಗೆ ಬರೆಯುವ ಬೇರೊಂದು ಸಾಧನದಿಂದ ತೆರೆದು, ಮುದ್ರೆ ತಾಳೆಯಾಗುವವರೆಗೆ ಆ ಪಾಠವನ್ನು ನಂಬದಿರತಕ್ಕದ್ದು. ಮುಂದೆ ಗೂಢಗೊಳಿಸುವಾಗಲೇ ಖಂಡಗಳಾಗಿ ವಿಭಜಿಸಿ ಪ್ರತಿಯೊಂದಕ್ಕೂ ಮುದ್ರೆಯಿಡುವುದು ಲೇಸು. ‘ಏಜ್’ ಎಂಬ ಸಾಧನದಲ್ಲಿ ಖಂಡವೊಂದಕ್ಕೆ 64 ಕಿಬಿಬೈಟ್. ತಾಳೆಗರಿಗೆ ಪತ್ರಾಂಕವಿರುವಂತೆ ಅಲ್ಲಿ ಕ್ರಮಾಂಕವೂ ಅಂತ್ಯಖಂಡದ ಗುರುತೂ ಉಂಟು. ಇಲ್ಲವಾದರೆ ಕಡೆಯ ಖಂಡವು ಲುಪ್ತವಾದರೂ ತಿಳಿಯದು.