ಬೊಂಡಾಸ್ ಕಲಿಸಿದ ನರದ ಲೆಕ್ಕ, ಪಫರ್ ಮೀನಿನ ಅಪಾಯ

ಗೋವಾದಲ್ಲಿ ಪಣಜಿಯ ಎದುರು ದಡದ ಮಾಲಿಂ ಜೆಟ್ಟಿಗೆ ಬರುವ ಬೋಟ್‌ಗಳಲ್ಲಿ ಬೊಂಡಾಸ್ ಇರುತ್ತದೆ. ಮನುಷ್ಯನ ನರ ಹೇಗೆ ಕೆಲಸ ಮಾಡುತ್ತದೆ ಅನ್ನೋದು ಗೊತ್ತಾಗಿದ್ದು ಈ ಬೊಂಡಾಸ್‌ನಿಂದಲೇ. ಅದರ ದೊಡ್ಡ ನರದೆಳೆ ಸುಮಾರು ಅರ್ಧ ಮಿಲಿಮೀಟರ್ ದಪ್ಪ, ಒಳಗೆ ತಂತಿ ತೂರಿಸಬಹುದು. ಬ್ರಿಟನ್‌ನ ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ ಅದನ್ನೇ ಮಾಡಿ 1952ರಲ್ಲಿ ಲೆಕ್ಕ ಬಿಡಿಸಿದರು. 1963ರಲ್ಲಿ ನೊಬೆಲ್ ಸಿಕ್ಕಿತು.

ಸುಮ್ಮನಿರುವ ನರಕೋಶದ ಒಳಗಿನ ವೋಲ್ಟೇಜ್ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ. ಸಂದೇಶ ಬಂದಾಗ ಪೊರೆಯ ಬಾಗಿಲು ತೆರೆದು ಸೋಡಿಯಂ ಒಳನುಗ್ಗುತ್ತದೆ, ವೋಲ್ಟೇಜ್ ಏರುತ್ತದೆ. ಸುಮಾರು ಒಂದು ಮಿಲಿಸೆಕೆಂಡ್‌ನಲ್ಲಿ ಆ ಬಾಗಿಲಿಗೆ ತಾನಾಗಿ ಬೀಗ ಬೀಳುತ್ತದೆ. ಪೊಟ್ಯಾಶಿಯಂ ಹೊರಹೋಗಿ ವೋಲ್ಟೇಜ್ ಇಳಿಯುತ್ತದೆ. ಬೀಗ ತೆರೆಯುವ ತನಕ ಎಷ್ಟು ತಟ್ಟಿದರೂ ಅಲ್ಲಿ ಇನ್ನೊಂದು ಸಂದೇಶ ಹುಟ್ಟಲ್ಲ. ಸಂದೇಶ ಹಿಂದಕ್ಕೆ ತಿರುಗದೆ ಮುಂದಕ್ಕೇ ಹೋಗೋದು ಇದರಿಂದ. 3 ಸೋಡಿಯಂ ಹೊರಹಾಕಿ 2 ಪೊಟ್ಯಾಶಿಯಂ ಒಳತರುವ ಪಂಪ್ ಬೇರೆಯೇ ಇದೆ. ಅದು ಗೋದಾಮಿನ ಸ್ಟಾಕ್ ಸರಿಮಾಡುವ ನಿಧಾನದ ಕೆಲಸ, ಪ್ರತಿ ಸಂದೇಶವೂ ಅದಕ್ಕೆ ಕಾಯಬೇಕಿಲ್ಲ.

ಬಲೆಗೆ ಕೆಲವೊಮ್ಮೆ ಹೊಟ್ಟೆ ಉಬ್ಬಿಸುವ ಪಫರ್ ಮೀನೂ ಬೀಳುತ್ತದೆ. ಅದರ ಹಲವು ಜಾತಿಗಳ ಲಿವರ್, ಮೊಟ್ಟೆಗಳಲ್ಲಿರುವ ಟೆಟ್ರೋಡೋಟಾಕ್ಸಿನ್ ವಿಷ ಇದೇ ಸೋಡಿಯಂ ಬಾಗಿಲಿಗೆ ಬೆಣೆಯಂತೆ ಕೂರುತ್ತದೆ. ಮೊದಲು ತುಟಿ, ನಾಲಿಗೆ ಜುಮ್ಮೆನ್ನುತ್ತದೆ, ಆಮೇಲೆ ಕೈಕಾಲು ಸೋಲುತ್ತದೆ, ಉಸಿರೂ ನಿಲ್ಲಬಹುದು. ಎಷ್ಟು ಬೇಯಿಸಿದರೂ ವಿಷ ಹೋಗಲ್ಲ, ಪ್ರತಿವಿಷವೂ ಇಲ್ಲ. ಆದರೆ ವಿಷ ದೇಹದಿಂದ ಇಳಿಯುವ ತನಕ ವೆಂಟಿಲೇಟರ್ ಉಸಿರು ಕೊಟ್ಟರೆ ಬಾಗಿಲುಗಳು ಮತ್ತೆ ಕೆಲಸ ಶುರುಮಾಡುತ್ತವೆ. ಮೀನು ತಿಂದ ಮೇಲೆ ತುಟಿ ಜುಮ್ಮೆಂದರೆ ಮನೆಮದ್ದು ಹುಡುಕುತ್ತಾ ಕೂರಬಾರದು, ಕೂಡಲೇ ವೆಂಟಿಲೇಟರ್ ಇರುವ ಆಸ್ಪತ್ರೆಗೆ ಹೋಗಬೇಕು.