ಕ್ಲಾರ್ಕ್ ಬರೆದ ಕಕ್ಷೆ, ಹಾಸನ ಹಿಡಿದ ಕಡಿವಾಣ

*ಬ್ರಿಟನ್ನಿನ ವಿಜ್ಞಾನ ಕಥೆಗಾರ ಆರ್ಥರ್ ಸಿ. ಕ್ಲಾರ್ಕ್ ಹಿರಿತೆರೆಗೂ ಬರೆದರು, ಕಿರುತೆರೆಯಲ್ಲೂ ಮಿಂಚಿದರು. ಆದರೆ ಹಳ್ಳಿಗೆ ಟಿವಿ ತಂದದ್ದು ಅವರ ಒಂದು ಲೆಕ್ಕ.*

ಹಾಸನ ಜಿಲ್ಲೆಯ ಹಳ್ಳಿಮೈಸೂರಿನ ತಾರಸಿಗಳ ಮೇಲಿನ ಛತ್ರಿಗಳನ್ನು ನೋಡಿ. ಒಂದೇ ಕಂಪನಿಯವೆಲ್ಲ ಆಕಾಶದ ಒಂದೇ ಬಿಂದುವಿಗೆ ಮುಖ ಮಾಡಿರುತ್ತವೆ. ಗಾಳಿಗೆ ತುಸು ವಾಲಿದರೂ ಸಾಕು, ಸೀರಿಯಲ್ ನಿಂತು 'ನೋ ಸಿಗ್ನಲ್' ಬರುತ್ತದೆ. ಡಿಶ್ ಹುಡುಗ ಬಂದು ನಟ್ಟು ಸಡಿಲಿಸಿ, ಮೆಲ್ಲಗೆ ತಿರುಗಿಸಿ, ಮತ್ತೆ ಬಿಗಿದರೆ ಆಯಿತು. ಉಪಗ್ರಹದ ಹಿಂದೆ ಛತ್ರಿ ದಿನವಿಡೀ ತಿರುಗಬೇಕಾಗಿಲ್ಲ. ಇಂಥ ಪ್ರಸಾರ ಸಾಧ್ಯವೆಂದು ಕ್ಲಾರ್ಕ್ 1945ರಲ್ಲೇ ಬರೆದಿದ್ದರು.

ರೇಡಾರ್‌ನಿಂದ ಆಸ್ಕರ್‌ವರೆಗೆ

1917ರಲ್ಲಿ ಸಾಮರ್‌ಸೆಟ್‌ನ ಮೈನ್‌ಹೆಡ್‌ನಲ್ಲಿ ಹುಟ್ಟಿದ ಕ್ಲಾರ್ಕ್, ಎರಡನೇ ಮಹಾಯುದ್ಧದಲ್ಲಿ ವಾಯುಪಡೆಯ ರೇಡಾರ್ ಕೆಲಸದಲ್ಲಿದ್ದರು. 1945ರ ಅಕ್ಟೋಬರ್‌ನಲ್ಲಿ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಅವರ ಲೇಖನ ಬಂತು. ಸಮಭಾಜಕದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಉಪಗ್ರಹ ಭೂಮಿ ತಿರುಗುವಷ್ಟೇ ಹೊತ್ತಿನಲ್ಲಿ ಒಂದು ಸುತ್ತು ಹಾಕುತ್ತದೆ. ಕೆಳಗಿನವರಿಗೆ ನಿಂತಂತೆಯೇ ಕಾಣುತ್ತದೆ. ಅಂಥ ಮೂರಿದ್ದರೆ ಲೋಕಕ್ಕೆಲ್ಲ ಪ್ರಸಾರ. ಈ ಕಕ್ಷೆಯ ಕಲ್ಪನೆ ಹಿಂದೆಯೂ ಇತ್ತು. ಅದನ್ನು ಪ್ರಸಾರಕ್ಕೆ ಒಗ್ಗಿಸಿ ಲೆಕ್ಕ ಕೊಟ್ಟವರು ಅವರು.

1948ರಲ್ಲಿ ಬಿಬಿಸಿ ಸ್ಪರ್ಧೆಗೆ ಕಳಿಸಿದ 'ದಿ ಸೆಂಟಿನೆಲ್' ಕಥೆಗೆ ಬಹುಮಾನ ಬರಲಿಲ್ಲ. ಅದೇ ಬೀಜದಿಂದ, ಸ್ಟ್ಯಾನ್ಲಿ ಕುಬ್ರಿಕ್ ಜೊತೆಗೂಡಿ ಬರೆದ '2001: ಎ ಸ್ಪೇಸ್ ಒಡಿಸ್ಸಿ' ಚಿತ್ರಕಥೆ ಚಿಗುರಿತು. 1968ರ ಆ ಚಿತ್ರ ಇಬ್ಬರಿಗೂ ಆಸ್ಕರ್ ನಾಮನಿರ್ದೇಶನ ತಂದಿತು. ಮರುವರ್ಷ ಅಪೊಲೊ 11 ಚಂದ್ರನ ಮೇಲಿಳಿದಾಗ ಅವರು ಸಿಬಿಎಸ್ ಟಿವಿಯ ವಿವರಣಕಾರರ ಸಾಲಿನಲ್ಲಿದ್ದರು. 1980ರಲ್ಲಿ ಬ್ರಿಟಿಷ್ ಟಿವಿಯ 'ಮಿಸ್ಟೀರಿಯಸ್ ವರ್ಲ್ಡ್' ಸರಣಿ ಅವರ ಹೆಸರಿನಲ್ಲೇ ಬಂತು.

ಹಳ್ಳಿಗೆ ಇಳಿದ ಲೆಕ್ಕ

1975ರ ಆಗಸ್ಟ್‌ನಿಂದ ಒಂದು ವರ್ಷ, ಕ್ಲಾರ್ಕ್ ಲೆಕ್ಕದ ಕಕ್ಷೆಯಲ್ಲೇ ಇದ್ದ ನಾಸಾದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಇಸ್ರೋ ಟಿವಿ ತೋರಿಸಿತು. 'ಸೈಟ್' ಎಂಬ ಈ ಪ್ರಯೋಗ ನಮ್ಮಲ್ಲಿ ನಡೆದದ್ದು ಗುಲ್ಬರ್ಗ, ಬಿಜಾಪುರ, ರಾಯಚೂರು ಕಡೆ. ಕೊಲಂಬೊದಲ್ಲಿ ನೆಲೆಸಿದ್ದ ಕ್ಲಾರ್ಕ್ ಅವರ ಮನೆಗೂ ಇಸ್ರೋ ಎಂಜಿನಿಯರುಗಳು ಒಂದು ಡಿಶ್ ಕಟ್ಟಿಕೊಟ್ಟರು.

ಸಾಲಗಾಮೆ ರಸ್ತೆಯ ಎಂಸಿಎಫ್

1982ರಲ್ಲಿ ಹಾಸನದಲ್ಲಿ ಭಾರತದ್ದೇ ಆದ ಇನ್ಸಾಟ್ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ (ಎಂಸಿಎಫ್) ಶುರುವಾಯಿತು. ಮೊದಲ ವರ್ಷವೇ ಪೆಟ್ಟು: ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ ಸೆಪ್ಟೆಂಬರ್‌ಗೆ ಕೈಕೊಟ್ಟಿತು. 1983ರ ಆಗಸ್ಟ್ ಕೊನೆಗೆ ಚಾಲೆಂಜರ್ ನೌಕೆಯೇರಿ ಹೋದ ಇನ್ಸಾಟ್-1ಬಿಯ ಸೌರಫಲಕ ಪೂರ್ತಿ ಬಿಚ್ಚಿಕೊಳ್ಳಲಿಲ್ಲ. ಹಾಸನದವರೂ ಉಪಗ್ರಹ ಕಟ್ಟಿದ ಫೋರ್ಡ್ ಏರೋಸ್ಪೇಸ್‌ನವರೂ ಹೆಣಗಾಡಿ, ಸೆಪ್ಟೆಂಬರ್ ನಡುವಿನ ಹೊತ್ತಿಗೆ ಅದನ್ನು ಬಿಡಿಸಿದರು. ಆಮೇಲೆ ಊರೂರಿನ ದೂರದರ್ಶನ ಟ್ರಾನ್ಸ್‌ಮಿಟರ್‌ಗಳಿಗೆ ಕಾರ್ಯಕ್ರಮ ತಲುಪಿಸಿದ್ದು ಇದೇ ಉಪಗ್ರಹ.

ಹಾರಿಸಿಬಿಟ್ಟರೆ ಮುಗಿಯಲಿಲ್ಲ. ಸೂರ್ಯ, ಚಂದ್ರರ ಸೆಳೆತಕ್ಕೆ ಉಪಗ್ರಹ ಜಾಗ ಬಿಟ್ಟು ಸರಿಯುತ್ತಲೇ ಇರುತ್ತದೆ. ಆಗಾಗ ಅದರ ಪುಟ್ಟ ಎಂಜಿನ್ ಉರಿಸಿ ಸ್ವಸ್ಥಾನಕ್ಕೆ ತರಬೇಕು. ಇಂಧನ ತೀರಿದರೆ ಆಯುಸ್ಸೂ ತೀರಿತು. ಹಾಗಾಗಿ ಹನಿಹನಿಗೂ ಲೆಕ್ಕ.

ಕ್ಲಾರ್ಕ್ ತಪ್ಪಿದ್ದೂ ಇಲ್ಲಿಯೇ. ಅವರ 1945ರ ಯೋಜನೆಯ ನಿಲ್ದಾಣಗಳಲ್ಲಿ ಮನುಷ್ಯರೇ ಇದ್ದು ಯಂತ್ರ ನೋಡಿಕೊಳ್ಳಬೇಕಿತ್ತು. ಟ್ರಾನ್ಸಿಸ್ಟರ್ ಬಂದು ಆ ಗೋಜು ತಪ್ಪಿಸಿತು. ನೋಡಿಕೊಳ್ಳುವ ಕೆಲಸ ಮಾತ್ರ ತಪ್ಪಲಿಲ್ಲ. ಅದೀಗ ಹಾಸನದಲ್ಲಿ ಹಗಲೂ ರಾತ್ರಿ ಪಾಳಿಯ ಮೇಲೆ ನಡೆಯುತ್ತಿದೆ. ಕಕ್ಷೆಗೆ ಕ್ಲಾರ್ಕ್ ಹೆಸರು ಬಂತು, ಅದು ನ್ಯಾಯವೇ. ಆದರೆ ಕಥೆಗಾರನ ಕೆಲಸ ಒಂದು ಲೇಖನಕ್ಕೆ ಮುಗಿದಿತ್ತು. ಪಾಳಿಯವರ ಕೆಲಸಕ್ಕೆ ಕೊನೆಯ ಪುಟವಿಲ್ಲ.